ಬಾಳ್ಯಾನ ಧಾಬಳಿ

ಶಹಾಬಜಾರದ ಆ ಓಣಿಗೆ ಹೊಸದಾಗಿ ಬಂದವರ ಲೆಕ್ಕದಲ್ಲಿ ಇಂದೂಬಾಯಿ ಎಂದರೆ ನಾಯಿ ಕಂಡರಾಗದ ಹೆಂಗಸು. ಅವಳ ಮನೆಯ ಕಟ್ಟೆಗೆ ಒಂದು ಕೋಲು ಯಾವಾಗಲೂ ಒರಗಿರುತ್ತದೆ. ಬೀದಿನಾಯಿ ಯಾವುದಾದರೂ ಆ ಬಾಗಿಲ ಕಡೆ ಮೂತಿ ಹಾಕಿದರೆ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು ಕೋಲು ಹಿಡಿದು ಏಳುತ್ತಾಳೆ. ಕಲ್ಲು ಮನಸ್ಸಿನ ಹೆಂಗಸು ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಊರ ಬಾಯಿಗೆ ಮುಚ್ಚಳ ಹಾಕಲು ಯಾರಿಂದಾಗಿದೆ? ಹಳಬರು ಮಾತ್ರ ಹಾಗನ್ನುವುದಿಲ್ಲ. ಇದೇ ಓಣಿ ಒಂದು ಕಾಲಕ್ಕೆ ಅವಳಿಗೆ ‘ನಾಯಿ ಇಂದೂಬಾಯಿ’ ಎಂದು ಅಡ್ಡಹೆಸರು ಇಟ್ಟಿದ್ದು ಅವರಿಗೆ ಗೊತ್ತು.

ಆ ಕಾಲವೆಂದರೆ ಎಂಬತ್ತರ ದಶಕದ ನಡುವಿನ ಮಾತು. ಗಂಡ ಜಯತೀರ್ಥ ನಂದೂರಿನ ಒಂದು ಬೇಳೆ ಮಿಲ್ಲಿನಲ್ಲಿ ಸೂಪರ್‌ವೈಜರ್. ಸಂಜೆ ಮನೆಗೆ ಬಂದನೆಂದರೆ ಹುಬ್ಬಿನ ತನಕ ತೊಗರಿಯ ದೂಳು. ಅತ್ತೆ ಪಾರ್ವತೀಬಾಯಿಗೆ ಮಡಿಯೇ ಉಸಿರು. ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ಇಂದೂಬಾಯಿಯ ಮಡಿಲು ತುಂಬಿರಲಿಲ್ಲ. ಬಾಗಿನ ಕೊಡುವಾಗ ಹೆಂಗಸರು ಅವಳನ್ನು ದಾಟಿ ಮುಂದಿನವಳ ಕಡೆ ನಡೆಯುವುದು, ನಾಮಕರಣಕ್ಕೆ ಕರೆಯಲು ಮರೆಯುವುದು, ಇವೆಲ್ಲ ರೂಢಿಯಾಗಿತ್ತು. ರೂಢಿಯಾದ ಮಾತ್ರಕ್ಕೆ ಉರಿ ಕಡಿಮೆಯಾಗುತ್ತದೆಯೇ?

ಒಂದು ಚಳಿಗಾಲ, ಗಟಾರದ ಪಕ್ಕ ನಡುಗುತ್ತಿದ್ದ ಬಿಳಿ ನಾಯಿಮರಿಯೊಂದನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಅದಕ್ಕೆ ಬಾಳ್ಯಾ ಎಂದು ಹೆಸರಿಟ್ಟಳು. ಹುಟ್ಟದ ಮಗನಿಗೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಮುದ್ದಿನ ಹೆಸರು ಅದು.

“ಹಿತ್ತಲದಾಗ ಇರ್ಲಿ, ಬ್ಯಾಡ ಅನ್ನಂಗಿಲ್ಲ” ಎಂದರು ಪಾರ್ವತೀಬಾಯಿ. “ಹೊಸ್ತಿಲಾ ದಾಟಿತಂದ್ರ ಮಾತ್ರ ನಾ ಒಲಿ ಹಚ್ಚಂಗಿಲ್ಲ ನೋಡು.”

ಹಿತ್ತಲಿನ ಚಳಿಗೆ ಮರಿ ಎರಡೇ ದಿನಕ್ಕೆ ಮೂಗು ಸೋರಿಸುತ್ತ ಮಲಗಿಬಿಟ್ಟಿತು. ಆಗ ಇಂದೂಬಾಯಿ ಮಡಿಬಟ್ಟೆ ಹರವುವ ಗಳದ ಮೇಲಿಂದ ತನ್ನ ಕೆಂಪು ಧಾಬಳಿ ಇಳಿಸಿದಳು. ತವರಿನವರು ಕೊಟ್ಟಿದ್ದ ಉಣ್ಣೆಯ ವಸ್ತ್ರ ಅದು. ಮಡಿ ಸೀರೆ ಒಣಗದ ದಿನ ಅದನ್ನುಟ್ಟೇ ಅಡಿಗೆ ಮಾಡಬೇಕು. ಹತ್ತಿಯ ಸೀರೆಗೆ ಮುಟ್ಟಿದರೆ ಮೈಲಿಗೆ, ತಟ್ಟಿದರೆ ಮೈಲಿಗೆ. ಉಣ್ಣೆಗೆ ಆ ಕಾಟವಿಲ್ಲ. ಎಂದೂ ಕೆಡದ್ದನ್ನು ಒಗೆಯುವುದಾದರೂ ಯಾಕೆ? ಒಮ್ಮೆ ಜಾಡಿಸಿ ಮತ್ತೆ ಗಳದ ಮೇಲೆ ಹಾಕಿದರೆ ಮುಗಿಯಿತು. ಅಂಥ ಧಾಬಳಿಯಲ್ಲಿ ಮರಿಯನ್ನು ಸುತ್ತಿ ಎದೆಗವಚಿಕೊಂಡು ಕೂತಿದ್ದಾಗ ಅತ್ತೆ ನೋಡಿಯೇ ಬಿಟ್ಟರು.

“ಅಯ್ಯ ನನ್ನ ಶಿವನ! ನಾಯಿಗೆ ಮಡಿ ಉಡಿಸೀಯೇನ?”

“ನೀವೇ ಅಂತೀರಲ್ರೀ ಅತ್ಯಾ, ಧಾಬಳಿಗೆ ಮೈಲಿಗಿ ಇಲ್ಲಂತ.”

ತಮ್ಮ ಮಾತು ತಮಗೇ ತಿರುಗಿ ಬಂದಾಗ ಪಾರ್ವತೀಬಾಯಿ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಗೊಣಗುತ್ತ ಒಳಗೆ ಹೋದರು. ಆವತ್ತಿನಿಂದ ಚಳಿ ಬಿತ್ತೆಂದರೆ ಧಾಬಳಿ ಬಾಳ್ಯಾನದು, ಹಬ್ಬ ಬಂತೆಂದರೆ ಇಂದೂಬಾಯಿಯದು. ನಡುವೆ ಒಂದು ಜಾಡಿಸುವುದು. ಪಕ್ಕದ ಮನೆಯ ಲತೀಫಾ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಬಾಳ್ಯಾ ಬಂದ ಕಾಲ್ಗುಣವೋ, ದೇವರಿಗೆ ಕರುಣೆ ಬಂತೋ, ಮೂರು ವರ್ಷಕ್ಕೆ ಮುಕುಂದ ಹುಟ್ಟಿದ. ಧಾಬಳಿ ಮಗನ ಪಾಲಿಗೆ ಬಂತು, ಬಾಳ್ಯಾನಿಗೆ ಗೋಣಿಚೀಲವಾಯಿತು. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ತೊಟ್ಟಿಲು ಇದ್ದ ಕೋಣೆಯ ಕಿಟಕಿಯ ಹೊರಗೆ ಗೋಣಿ ಎಳೆದುಕೊಂಡು ಹೋಗಿ ಅಲ್ಲೇ ಮಲಗತೊಡಗಿದ.

ಸುಖ ಎಷ್ಟು ದಿನದ್ದು? ಎರಡು ತುಂಬುವ ಹೊತ್ತಿಗೆ ಮುಕುಂದನ ಎದೆಯಲ್ಲಿ ಸಿಳ್ಳೆ ಶುರುವಾಯಿತು. ಮೊದಲು ನೆಗಡಿ, ಆಮೇಲೆ ಕೆಮ್ಮು, ಆಮೇಲೆ ಉಸಿರೆಳೆಯಲು ಒದ್ದಾಟ. ಪಕ್ಕೆಲುಬು ಒಳಗೆ ಹೋಗಿ ಹೊರಗೆ ಬರುವುದನ್ನು ನೋಡಿದರೆ ತಾಯಿಯ ಜೀವ ಬಾಯಿಗೆ ಬರುತ್ತಿತ್ತು. ಬಜೆ ತೇದು ನೆಕ್ಕಿಸಿದರು. ವೀಳ್ಯದೆಲೆ ಕಾಸಿ ಎದೆಗೆ ಹಾಕಿದರು. ಕುಲದೇವರಿಗೆ ಹರಕೆ ಹೊತ್ತರು, ಲತೀಫಾ ದರ್ಗಾದಿಂದ ದಾರ ತಂದು ಕೊರಳಿಗೆ ಕಟ್ಟಿದಳು. ದೇವರುಗಳೆಲ್ಲ ಕಿವಿಗೆ ಹತ್ತಿ ಇಟ್ಟುಕೊಂಡಂತಿತ್ತು. ಕೊನೆಗೆ ಡಾಕ್ಟರ್ ಬುರ್ಹಾನುದ್ದೀನರು ಮಗುವಿನ ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು.

“ಮನ್ಯಾಗ ನಾಯಿ, ಬೆಕ್ಕು ಏನರ ಅದಾವೇನ್ರಿ?”

ಇಂದೂಬಾಯಿ ಗಂಡನ ಮುಖ ನೋಡಿದಳು. ಜಯತೀರ್ಥನೇ ಹೇಳಿದ, “ನಾಯಿ ಅದರೀ.”

“ಹಂಗಾದ್ರ ಅದೇ. ಇವಗ ನಾಯಿ ಆಗಿ ಬರಂಗಿಲ್ಲ. ಅಲರ್ಜಿ. ನಾ ಎಷ್ಟ ದವಾ ಕೊಟ್ರೂ ಉಪಯೋಗ ಇಲ್ಲ. ಫೈಸ್ಲಾ ನೀವೇ ಮಾಡ್ರಿ.”

ಆ ತೀರ್ಮಾನ ಮಾಡುವುದು ಅಷ್ಟು ಸುಲಭವೇ? ಇಂದೂಬಾಯಿ ವಿಧಿಯ ಜೊತೆ ಚೌಕಾಶಿಗೆ ಇಳಿದಳು. ಬಾಳ್ಯಾನನ್ನು ದಿನಾ ಸೀಗೆಕಾಯಿ ಹಾಕಿ ತೊಳೆದಳು. ಹಿತ್ತಲ ಬಾಗಿಲಿಗೆ ಚಿಲಕ ಹಾಕಿದಳು. ಬಾಳ್ಯಾ ಆ ಕಡೆಯಿಂದ ಬಾಗಿಲು ಕೆರೆಯುವುದು, ಮಗ ಈ ಕಡೆಯಿಂದ “ಬಾಳ್ಯಾ, ಬಾಳ್ಯಾ” ಎಂದು ಅಳುವುದು, ನಡುವೆ ಇವಳು ಕಿವಿ ಮುಚ್ಚಿಕೊಂಡು ಕೂರುವುದು. ಒಂದು ಬೆಳಗ್ಗೆ ಅತ್ತೆ ಹಿತ್ತಲಿಗೆ ಹೋದಾಗ ಮಗು ಹಿಂದೆಯೇ ನುಸುಳಿ, ನಾಯಿಯ ಕುತ್ತಿಗೆಗೆ ಬಿದ್ದು ಮುಖ ಉಜ್ಜಿತು. ಸ್ವಲ್ಪ ಹೊತ್ತಿಗೆ ತುಟಿ ನೀಲಿಯಾಯಿತು. ಜಯತೀರ್ಥ ಬನಿಯನ್ನಿನಲ್ಲೇ ಮಗನನ್ನು ಹೆಗಲಿಗೆ ಹಾಕಿಕೊಂಡು ರಿಕ್ಷಾದ ಕಡೆ ಓಡಿದ. ಆ ದಿನ ದವಾಖಾನೆಯಿಂದ ಮಗ ಬದುಕಿ ಬಂದ ಮೇಲೆ ಇಂದೂಬಾಯಿಯೇ ಹೇಳಿದಳು, “ಬಾಳ್ಯಾನ ಎಲ್ಲೆರ ಕಳಿಸಿಬಿಡ್ರಿ. ನನ್ನ ಕೇಳಬ್ಯಾಡ್ರಿ.”

ಲತೀಫಾಳ ಗಂಡ ಖಾಜಾ ಕಮಲಾಪುರದಿಂದ ಕೆಂಪು ಬಾಳೆಹಣ್ಣು ತುಂಬಿಕೊಂಡು ಬರುವ ಟೆಂಪೊ ಓಡಿಸುತ್ತಿದ್ದ. ಅಲ್ಲಿನ ಬಾಳೆತೋಟದ ಅಣವೀರಪ್ಪ ಒಳ್ಳೆಯ ಮನುಷ್ಯ, ಕಾವಲಿಗೆ ನಾಯಿ ಬೇಕಂತ ಎಂದು ಅವನೇ ವ್ಯವಸ್ಥೆ ಮಾಡಿದ. ಇಂದೂಬಾಯಿ ತಾನೂ ಟೆಂಪೊದಲ್ಲಿ ಕೂತು ಹೋಗಿ ಬಾಳ್ಯಾನನ್ನು ಬಿಟ್ಟು ಬಂದಳು. ಟೆಂಪೊ ಹೊರಟಾಗ ಅವನು ಹಗ್ಗ ಹರಿದುಕೊಂಡು ಹುಮನಾಬಾದ ರಸ್ತೆಯವರೆಗೂ ಓಡಿ ಬಂದ. “ಹಿಂದ ನೋಡಬ್ಯಾಡ್ರಿ ಬಾಯಿ” ಎಂದ ಖಾಜಾ. ಅವಳು ನೋಡಿದಳು. ಎಂಥ ತಾಯಿ ನೋಡದೆ ಇದ್ದಾಳು?

ಮನೆಗೆ ಬಂದವಳೇ ಹಿತ್ತಲನ್ನು ಸಗಣಿ ಹಾಕಿ ಸಾರಿಸಿದಳು. ಗೋಡೆಗೆ ಸುಣ್ಣ ಹಚ್ಚಿಸಿದಳು. ಚಾಪೆ, ಕೌದಿ, ಚಾದರ, ದಿಂಬಿನ ಚೀಲ ಎಲ್ಲವನ್ನೂ ಕುದಿಯುವ ನೀರಿಗೆ ಹಾಕಿ ಒಗೆದಳು. ಒಗೆಯದೆ ಉಳಿದದ್ದು ಒಂದೇ. ಅದು ಕಣ್ಣೆದುರೇ ಗಳದ ಮೇಲಿತ್ತು. ಆದರೆ ಎಂದೂ ಕೆಡದ ವಸ್ತುವಿನ ಮೇಲೆ ಯಾರಿಗೆ ಅನುಮಾನ ಬರಬೇಕು?

ಇನ್ನು ಮಗ ಉಸಿರಾಡುತ್ತಾನೆ ಎಂದು ಎಲ್ಲರೂ ಕಾದರು. ದೀಪಾವಳಿ ಹೋಯಿತು, ಚಳಿ ಬಂತು. ಸಿಳ್ಳೆ ನಿಲ್ಲಲಿಲ್ಲ. ನಸುಕಿನಲ್ಲಿ ಶುರುವಾದರೆ ಹೊತ್ತೇರುವ ತನಕ ಒದ್ದಾಟ. ಚಳಿ ತಾಗಿತೆಂದು ಇಂದೂಬಾಯಿ ಧಾಬಳಿಯನ್ನು ಗದ್ದದವರೆಗೆ ಎಳೆದು ಹೊದಿಸುವಳು. ಕೆಮ್ಮು ಹೆಚ್ಚಾದರೆ ಇನ್ನಷ್ಟು ಬಿಗಿಯಾಗಿ ಸುತ್ತಿ ಮಡಿಲಲ್ಲಿ ಹಾಕಿಕೊಳ್ಳುವಳು. ಮಗು ಕೈಯಿಂದ ಅದನ್ನು ತಳ್ಳುತ್ತಿತ್ತು. “ಬ್ಯಾಡ ಆಯಿ, ಬ್ಯಾಡ” ಎನ್ನುತ್ತಿತ್ತು. ಹಟ ಎಂದು ಅವಳು ಮತ್ತೆ ಹೊದಿಸುತ್ತಿದ್ದಳು.

ಮಾಡುವುದು ಏನೂ ಉಳಿಯದೆ ಹೋದಾಗ ಮನುಷ್ಯನಿಗೆ ಎಂಥ ಯೋಚನೆ ಬೇಕಾದರೂ ಬರುತ್ತದೆ. “ಮೂಕಪ್ರಾಣಿ ಕಣ್ಣೀರು ಹತ್ತಿತು” ಎಂದರು ಪಾರ್ವತೀಬಾಯಿ. ಹೊಸ್ತಿಲು ದಾಟಲು ಬಿಡದಿದ್ದವರೇ ಈಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. “ನಂಬಿದ ಜೀವಾನ ಹೊರಗ ಹಾಕಿದ್ವಿ. ಅದರ ಶಾಪ ಇದು.”

ಜಯತೀರ್ಥ ಬೇರೆ ದಾರಿಯಿಂದ ಅಲ್ಲಿಗೇ ಬಂದ. “ನಾಯಿ ಇದ್ದಾಗೂ ಇದ, ಹೋದ ಮ್ಯಾಲೂ ಇದ. ಹಂಗಾದ್ರ ನಾಯಿಂದು ಏನ್ ತಪ್ಪು, ಇಂದೂ? ಡಾಕ್ಟರಗೇ ತಿಳಿದಿಲ್ಲ.”

ಆ ಮಾತು ಇಂದೂಬಾಯಿಯ ಎದೆಯಲ್ಲಿ ದೀಪ ಹಚ್ಚಿತು. ನಾಯಿಯ ತಪ್ಪಿಲ್ಲವೆಂದರೆ ಮಗನೂ ಇರಬಹುದು, ಬಾಳ್ಯಾನೂ ಇರಬಹುದು. ಶಾಪವೇ ಆಗಿದ್ದರೆ ಮಗನನ್ನೇ ಬಾಳ್ಯಾನ ಮುಂದೆ ನಿಲ್ಲಿಸಿ, ತಪ್ಪಾಯಿತಪ್ಪಾ ಎಂದು ಕೇಳಿಕೊಂಡು ಕರೆತರಬೇಕು. ಎರಡು ಮಾತಿಗೂ ಒಂದಕ್ಕೊಂದು ತಾಳಮೇಳವಿರಲಿಲ್ಲ. ಆದರೂ ಅವಳು ಎರಡನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಗಂಡನಿಗೆ ತೊಗರಿಯ ಸುಗ್ಗಿ, ರಜೆ ಸಿಗಲಿಲ್ಲ. ತಾನೇ ಮಗನನ್ನು ಧಾಬಳಿಯಲ್ಲಿ ಸುತ್ತಿಕೊಂಡು ಕಮಲಾಪುರದ ಬೆಳಗಿನ ಬಸ್ಸು ಹತ್ತಿದಳು. ಕಪನೂರ ದಾಟುವಾಗಲೇ ಸಿಳ್ಳೆ ಶುರುವಾಗಿತ್ತು. ಗಾಳಿಗೆ ಎಂದುಕೊಂಡು ಇನ್ನೊಂದು ಸುತ್ತು ಬಿಗಿದಳು.

ತೋಟದ ಬೇಲಿ ಇನ್ನೂ ದೂರವಿದ್ದಾಗಲೇ ಬಾಳ್ಯಾನಿಗೆ ವಾಸನೆ ಹತ್ತಿತು. ಬಾಳೆಗಿಡಗಳ ನಡುವಿನಿಂದ ನುಗ್ಗಿ ಬಂದವನು ಅವಳ ಮೈಮೇಲೆ ಎರಗಿ, ಸೀರೆಯೆಲ್ಲ ಕೆಸರು ಮಾಡಿ, ಮಗುವಿನ ಮುಖವನ್ನು ಹಣೆಯಿಂದ ಗದ್ದದ ತನಕ ನೆಕ್ಕಿದ. ಮುಕುಂದ ಕಿಲಕಿಲ ನಕ್ಕ. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಇಂದೂಬಾಯಿ ಇಬ್ಬರನ್ನೂ ತಬ್ಬಿಕೊಂಡು ನೆಲದಲ್ಲೇ ಕೂತುಬಿಟ್ಟಳು.

ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಕಣ್ಣು ಊದಿಕೊಂಡವು, ಕೊರಳ ಗುಣಿ ಒಳಗೆ ಹೋಯಿತು.

“ಅಕ್ಕಾರ, ಕೂಸಿನ ತುಟಿ ನೋಡ್ರಿ!” ಎಂದು ಕೂಗಿದ ಅಣವೀರಪ್ಪ, ಅವಳ ಕೈಯಿಂದ ಮಗುವನ್ನು ಕಿತ್ತುಕೊಂಡು ಊರೊಳಗಿನ ದವಾಖಾನೆಗೆ ಓಡಿದ. ಅವನ ಹೆಂಡತಿ ಬಾಳ್ಯಾನನ್ನು ಹಿಡಿದು ಕಟ್ಟಿಹಾಕಿದಳು.

ಅಲ್ಲಿದ್ದ ಡಾಕ್ಟರ್ ಸಕೀನಾ ಅಣವೀರಪ್ಪನಿಂದ ನಾಯಿಯ ಸಂಗತಿ ಕೇಳುತ್ತಲೇ ಮಗುವಿಗೆ ಸೂಜಿ ಚುಚ್ಚಿ, ಬೆನ್ನು ನೇರ ಮಾಡಿ ಕೂರಿಸಿದರು. ಬಹಳ ಹೊತ್ತಿನ ಮೇಲೆ ತುಟಿಗೆ ಬಣ್ಣ ಬಂತು. ಅಷ್ಟರಲ್ಲಿ ಇಂದೂಬಾಯಿ ಬದುಕಿದ್ದೂ ಸತ್ತಂತಾಗಿದ್ದಳು. ಅಭ್ಯಾಸದ ಕೈ ಮಾತ್ರ ತಾನಾಗಿ ಧಾಬಳಿ ಎತ್ತಿ ಮಗನಿಗೆ ಹೊದಿಸಲು ಹೋಯಿತು. ಡಾಕ್ಟರು ಆ ಕೈಯನ್ನು ಹಿಡಿದರು.

“ಇದನ್ನ ದಿನಾ ಹೊಚ್ಚತೀರೇನ್ರಿ?”

“ಹೌದ್ರಿ. ಹುಟ್ಟಿದಾಗಿಂದ.”

“ಯಾವಾಗ ಒಗದೀರಿ?”

“ಧಾಬಳಿ ಒಗಿಯೂದಿಲ್ರಿ. ಅದಕ್ಕ ಮೈಲಿಗಿ ಇಲ್ಲ.”

ಸಕೀನಾ ಧಾಬಳಿಯ ಒಂದು ತುದಿಯನ್ನು ಕಿಟಕಿಯ ಬಿಸಿಲಿಗೆ ಹಿಡಿದರು. ಕೆಂಪು ಉಣ್ಣೆಯ ಎಳೆಎಳೆಯಲ್ಲೂ ಬಿಳಿ ಕೂದಲು. ಹೊಸದಾಗಿ ಅಂಟಿದ್ದಲ್ಲ, ನೇಯ್ದವರೇ ಸೇರಿಸಿದ್ದಾರೋ ಎನ್ನುವಷ್ಟು ಒಳಗೆ ಹೊಕ್ಕಿದ್ದವು. “ನಾಯಿ ಹೊರಗ ಹಾಕೀರಿ, ಖರೆ” ಎಂದರು ಅವರು ಮೆಲ್ಲಗೆ. “ಆದ್ರ ನಾಯಿ ಮನಿ ಬಿಟ್ಟು ಹೋಗೇ ಇಲ್ಲಲ್ರಿ.”

ಇಂದೂಬಾಯಿ ಒಂದು ಕೂದಲನ್ನು ಉಗುರಿನಿಂದ ಎಳೆದು ನೋಡಿದಳು, ಅದು ಬರಲಿಲ್ಲ. ಗದ್ದದವರೆಗೆ ಎಳೆದು ಹೊದಿಸಿದ ಬೆಳಗುಗಳೆಲ್ಲ ಒಂದರ ಹಿಂದೆ ಒಂದು ಕಣ್ಣ ಮುಂದೆ ಬಂದವು. ಬ್ಯಾಡ ಆಯಿ, ಬ್ಯಾಡ. ಕೂಸಿಗೆ ತಿಳಿದದ್ದು ತನಗೆ ತಿಳಿಯಲಿಲ್ಲ. ಮಗನ ಕುತ್ತಿಗೆ ಹಿಸುಕಿದ್ದು ಶಾಪವೂ ಅಲ್ಲ, ಚಳಿಯೂ ಅಲ್ಲ, ತನ್ನ ಕೈ. ಆ ಕೈಯನ್ನು ಕಡಿದು ಹಾಕಬೇಕೆನಿಸಿತು ಅವಳಿಗೆ. ಬಾಳ್ಯಾನನ್ನು ಮನೆಗೆ ಕರೆದೊಯ್ಯುವ ಆಸೆಯೂ ಅದೇ ಕಿಟಕಿಯ ಬಳಿ ಮುಗಿಯಿತು.

ಮಗನನ್ನು ಹಿಂದೆಯೇ ದವಾಖಾನೆಗೆ ಬಂದಿದ್ದ ಅಣವೀರಪ್ಪನ ಹೆಂಡತಿಯ ಹತ್ತಿರ ಬಿಟ್ಟು, ಧಾಬಳಿ ಎತ್ತಿಕೊಂಡು ಅವನ ಜೊತೆ ತೋಟಕ್ಕೆ ಬಂದಳು.

“ಬಿಸಿನೀರಾಗ ಹಾಕಿ ಒಗದ್ರ ನಡೀತದಲ್ರಿ ಅಕ್ಕಾರ?” ಎಂದ ಅಣವೀರಪ್ಪ. “ತವರಿನ ವಸ್ತ್ರ ಅಂತೀರಿ.”

“ಅದು ಮೊದಲಿಂದ ಇವಂದೇರಿ” ಎಂದಳು.

ಗುಡಿಸಲ ಮೂಲೆಯಲ್ಲಿ ಧಾಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು. ಬಾಳ್ಯಾ ಮೂಸಿ ನೋಡಿದ. ಮರಿಯಾಗಿದ್ದಾಗ ಮಾಡುತ್ತಿದ್ದಂತೆ ಮೂರು ಸುತ್ತು ಸುತ್ತಿ ಅದರ ನಡುವೆ ಮುದುರಿ ಮಲಗಿದ. ಅವಳು ಅವನ ಕುತ್ತಿಗೆಯಲ್ಲಿ ಮುಖವಿಟ್ಟು, ಗಂಡನ ಮುಂದೂ ಅತ್ತೆಯ ಮುಂದೂ ಅಳದಿದ್ದದ್ದನ್ನೆಲ್ಲ ಅತ್ತಳು. ಇನ್ನು ಬರುವ ಹಾಗಿಲ್ಲ. ನೋಡಿ ಹೋಗುತ್ತೇನೆಂದು ಬಂದರೂ ಅವನು ಸೀರೆಗೆ ಹತ್ತಿ ತನ್ನ ಜೊತೆ ಶಹಾಬಜಾರಕ್ಕೆ ಬರುತ್ತಾನೆ. “ಬರಂಗಿಲ್ಲಪ್ಪಾ ಇನ್ನ” ಎಂದು ಅವನ ಕಿವಿಯಲ್ಲಿ ಹೇಳಿದಳು. ಬಾಳ್ಯಾ ಬಾಲ ಅಲ್ಲಾಡಿಸಿದ. ಅವಳು ಎದ್ದು ಹೊರಟಾಗ ಈ ಸಲ ಅವನು ಹಿಂದೆ ಓಡಿ ಬರಲಿಲ್ಲ. ಧಾಬಳಿ ಇರುವಲ್ಲಿಗೆ ಅವಳು ಬಂದೇ ಬರುತ್ತಾಳೆಂದು ಅವನ ಲೆಕ್ಕವಿದ್ದೀತು.

ಸಂಜೆಯ ಬಸ್ಸಿನಲ್ಲಿ ಮಗನನ್ನು ಕಿಟಕಿಯ ಪಕ್ಕ ಕೂರಿಸಿ, ನಡುವೆ ಚೀಲ ಇಟ್ಟು, ತಾನು ಸೀಟಿನ ಈ ತುದಿಗೆ ಕೂತಳು. “ಆಯಿ, ಎತ್ಕೋ” ಎಂದು ಮಗು ಕೈ ಚಾಚಿತು. “ತಡಿಯಪ್ಪಾ” ಎಂದಳು. ಸೆರಗಿಗೆ, ನೆರಿಗೆಗೆ, ಕುಪ್ಪಸದ ತೋಳಿಗೆ ಹತ್ತಿದ್ದ ಬಿಳಿ ಕೂದಲುಗಳನ್ನು ಒಂದೊಂದಾಗಿ ಬಿಡಿಸಿ, ಎದ್ದೆದ್ದು ಹೋಗಿ ಆಚೆ ಬದಿಯ ಕಿಟಕಿಯ ಹೊರಗೆ ಕೈ ಚಾಚಿ ಬಿಡತೊಡಗಿದಳು. ಆಚೆ ಸೀಟಿನ ಮುದುಕ ಇವಳಿಗೆ ಹುಚ್ಚು ಹಿಡಿದಿದೆಯೆಂಬಂತೆ ನೋಡಿದ. ಕೊನೆಗೆ ಒಂದು ಉಳಿಯಿತು. ಅದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಳ್ಳಲೇ ಎಂದು ಬೆರಳಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತಳು. ಒಂದನ್ನಾದರೂ ಇಟ್ಟುಕೊಳ್ಳುವ ಹಾಗಿರಲಿಲ್ಲ. ಅದನ್ನೂ ಗಾಳಿಗೆ ಬಿಟ್ಟು, ಕೈ ಒರೆಸಿಕೊಂಡು, ಮಗನನ್ನು ಮಡಿಲಿಗೆ ಎಳೆದುಕೊಂಡಳು.