ಮಗ್ಗ ನಿಂತರೆ ಎಚ್ಚರ

ಗುಳೇದಗುಡ್ಡದ ನಮ್ಮ ಮನೆಯಲ್ಲಿ ಖಣ ನೇಯುವ ಮಗ್ಗವನ್ನು ಬಿಗಿದ ತೊಲೆಗೇ ಮಗಳ ತೊಟ್ಟಿಲನ್ನೂ ಕಟ್ಟಿದ್ದೆವು. ಮಗ್ಗ ಎಷ್ಟು ಸದ್ದು ಮಾಡಿದರೂ ಅವಳು ಹಾಯಾಗಿ ಮಲಗಿರುತ್ತಿದ್ದಳು. ಗಂಡ ಊಟಕ್ಕೆಂದು ಕೈ ನಿಲ್ಲಿಸಿದರೆ ಸಾಕು, ಎದ್ದು ಅಳುತ್ತಿದ್ದಳು. "ಮಗ್ಗದ ಮನಿ ಕೂಸಂದ್ರ ಹಿಂಗಿರಬೇಕು ನೋಡ್ರಿ," ಎಂದು ನನ್ನ ಅತ್ತೆ ಬಂದವರೆದುರು ಹೇಳಿದ್ದೇ ಹೇಳಿದ್ದು. ಹೆತ್ತವರಿಗೆ ಹೆಗ್ಗಣ ಮುದ್ದು, ನಾನೂ ಬೀಗಿದೆ.

ಮಗಳಿಗೆ ಎಂಟು ತಿಂಗಳಾದಾಗ ಬಾದಾಮಿಯ ತವರಿಗೆ ಹೋದೆ. ಅಲ್ಲಿ ಮಗ್ಗವಿಲ್ಲ, ಮಂಗಗಳಿವೆ. ಒಂದು ಮಧ್ಯಾಹ್ನ ಅವು ತಗಡಿನ ಮೇಲೆ ಧಡಧಡ ಹಾರಿದಾಗ ನಾನು ದಡಬಡಿಸಿ ಎದ್ದು ನಿಂತೆ. ಚಾಪೆಯ ಮೇಲೆ ಮಲಗಿದ್ದ ಮಗಳು ಮಿಸುಕಲಿಲ್ಲ. ಅವಳು ಎದ್ದ ಮೇಲೆ ನನ್ನ ಅವ್ವ ಒಂದು ತಾಟು ತಂದು ಅವಳ ಬೆನ್ನ ಹಿಂದೆ ಬಡಿದಳು. ಮಗಳು ತಿರುಗಿಯೂ ನೋಡಲಿಲ್ಲ.

"ದವಾಖಾನಿಗೆ ತೋರಸವ್ವಾ," ಎಂದಳು ಅವ್ವ.

ನಾನು ಅವಳ ಮೇಲೇ ಹರಿಹಾಯ್ದೆ. "ಮಗ್ಗ ನಿಂತದ್ದು ಗೊತ್ತಾಗೋ ಕೂಸಿಗೆ ಕಿವಿ ಕೇಳಂಗಿಲ್ಲೇನು?" ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಯಾರೂ ಇಲ್ಲದಾಗ ನಾನೇ ತಾಟು ಬಡಿದು ನೋಡಿದೆ.

ಬಾಗಲಕೋಟೆಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಹುಟ್ಟಿನಿಂದಲೇ ಎರಡೂ ಕಿವಿ ಬಹಳ ಮಂದ ಎಂದರು. ನಾನು ಮಗ್ಗದ ಮಾತು ತೆಗೆದೆ. ತೊಟ್ಟಿಲು ಎಲ್ಲಿ ಕಟ್ಟಿದ್ದೀರಿ ಎಂದು ಕೇಳಿದರು. ಹೇಳಿದೆ.

"ಹಂಗಾದ್ರ ಅಕಿಗೆ ಕೇಳ್ತಿದ್ದಿಲ್ಲ ತಂಗಿ. ತೊಟ್ಟಿಲು ಅದುರೂದು ನಿಂತಾಗ ಏಳ್ತಿದ್ಲು."

ನಾಚಿಕೆಯೂ ದುಃಖವೂ ಒಟ್ಟಿಗೇ ಬಂದು ಅಲ್ಲೇ ಅತ್ತುಬಿಟ್ಟೆ. "ಮಾತು ಬರ್ತಾವೇನ್ರಿ?"

"ಮಷೀನ್ ಹಾಕಿ ನೋಡೂಣು. ಲಗೂನ ಬಂದೀರಿ. ದಿನಾ ಮಾತಾಡಿಸ್ರಿ."

ಕಿವಿಗೆ ಮಷೀನು ಹಾಕಿಸಿಕೊಂಡು ಬಂದ ದಿನ ಗಂಡ ಮಗ್ಗದಲ್ಲಿ ಕುಳಿತರೂ ಲಾಳಿ ಎಸೆಯಲು ಹೆದರಿದರು. ಕೊನೆಗೆ ಒಂದೇ ಏಟು ಹಾಕಿದರು. ನನ್ನ ತೊಡೆಯ ಮೇಲಿದ್ದ ಮಗಳು ಬೆಚ್ಚಿಬಿದ್ದು, ಸೆರಗು ಹಿಡಿದುಕೊಂಡು ಕಿಟಾರನೆ ಕಿರುಚಿದಳು. ಅಷ್ಟು ಸಂತೋಷ ನನಗೆ ಅವಳು ಹುಟ್ಟಿದ ದಿನವೂ ಆಗಿರಲಿಲ್ಲ. ಅತ್ತೆ ಸಕ್ಕರೆ ಡಬ್ಬಿ ಹಿಡಿದು ಓಣಿಗೆ ಓಡಿದರು: "ನಮ್ಮ ಕೂಸು ಮಗ್ಗಕ್ಕ ಅಂಜೈತ್ರಿ, ಬಾಯಿ ಸಿಹಿ ಮಾಡ್ಕೋರಿ!" ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡೇ ಎಲ್ಲರೂ ತಿಂದರು.

ಈಗ ಅವಳಿಗೆ ನಾಲ್ಕು ವರ್ಷ. ಮಾತು ತಡವಾಗಿ ಬಂತು, ಬಂದ ಮೇಲೆ ಬಾಯಿ ಮುಚ್ಚಿದ್ದಿಲ್ಲ. ನಿನ್ನೆ ಗೊಂಬೆಯನ್ನು ಮಲಗಿಸುತ್ತ, "ಅಪ್ಪಾ, ಸಪ್ಪಳ ಸಾಕು!" ಎಂದಳು. ಗಂಡನ ಕೈ ನಿಲ್ಲಲಿಲ್ಲ. ಅತ್ತೆ ಅಡುಗೆಮನೆಯಿಂದ ಎದ್ದು ಬಂದು ಮಗನನ್ನು ಗದರಿದರು: "ಕೂಸು ಹೇಳೂದು ಕೇಳಸಂಗಿಲ್ಲೇನೋ ನಿನಗ?"