ದೋಣಿ ವಾಲಿಸುವ ಕೆಲಸ

ನಿಮ್ಮ ತೂಕ ಎಷ್ಟು? ಗಟ್ಟಿಯಾಗಿ ಹೇಳುವುದು ಬೇಡ, ಮನಸ್ಸಿನಲ್ಲೇ ಹೇಳಿಕೊಳ್ಳಿ. ಆದರೆ ನಿಜ ಹೇಳಿ. ಮೊಮ್ಮಗಳು ನನ್ನನ್ನು ಹೀಗೆ ಕೇಳಿದಾಗ ನಾನು ಅರವತ್ತೆರಡು ಅಂದೆ. ಅವಳು ತಲೆ ಎತ್ತದೆ ಅರವತ್ತೆಂಟು ಎಂದು ಬರೆದುಕೊಂಡಳು. ನಮ್ಮನೆಯವರು ಕೇಳುವ ಮೊದಲೇ ತಮ್ಮದು ಎಪ್ಪತ್ತೊಂದು ಅಂದರು. ಹಿನ್ನೀರು ದಾಟಿಸುವ ಲಾಂಚಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಎದುರಿಗೆ ನಿಂತವರ ತೂಕವನ್ನು ಕಣ್ಣಿನಲ್ಲೇ ಅಳೆಯುತ್ತಿದ್ದರು. ನನ್ನದನ್ನು ಅವಳಿಗೆ ಯಾರು ಹೇಳಿಕೊಟ್ಟರು ಅನ್ನುವುದನ್ನು ನಾನು ವಿಚಾರಿಸಲು ಹೋಗಲಿಲ್ಲ.

ತೂಕ ಬೇಕಾಗಿದ್ದು ದೋಣಿಗೆ. ಮೊಮ್ಮಗಳು, ಅಂದರೆ ಮಗಳ ಮಗಳು, ಕರಾವಳಿಯಲ್ಲಿ ಐದು ವರ್ಷ ನೀರಾಟದ ದೋಣಿ ನಡೆಸಿದವಳು. ಅಲ್ಲಿ ಕಲಿತ ಒಂದು ಆಟವನ್ನು ಶರಾವತಿಯ ಹಿನ್ನೀರಿನಲ್ಲಿ ಶುರು ಮಾಡುತ್ತೇನೆಂದು ತುಮರಿಯ ನಮ್ಮ ಮನೆಗೆ ಬಂದು ಕೂತಳು. ದೋಣಿ ಮುಂದೆ ಹೋಗುತ್ತದೆ, ಅದರ ಬೆನ್ನಿಗೆ ಒಂದು ಅಲೆ ಏಳುತ್ತದೆ, ಆ ಅಲೆಯ ಮೇಲೆ ಹಲಗೆ ಹಾಕಿಕೊಂಡು ನಿಲ್ಲುವುದು. ಏಳುವವರೆಗೆ ದೋಣಿಗೆ ಕಟ್ಟಿದ ಹಗ್ಗ ಹಿಡಿದಿರಬೇಕು. ಎದ್ದ ಮೇಲೆ ಹಗ್ಗವನ್ನು ದೋಣಿಯೊಳಗೆ ಎಸೆದು, ಬರೀ ಅಲೆ ತಳ್ಳಿದ ಬಲದಲ್ಲಿ ಹಿಂದೆ ಹಿಂದೆ ಬರಬೇಕು. ಇದಕ್ಕೆ ವೇಕ್‌ಸರ್ಫಿಂಗ್ ಅನ್ನುತ್ತಾರೆ. ಈ ಒಂದು ಪದವನ್ನು ಫೋನಿನಲ್ಲಿ ಒತ್ತುವಷ್ಟರಲ್ಲಿ ನನ್ನ ಕಾಫಿ ಆರಿತು.

ದೋಣಿ ಹೊಸದಲ್ಲ. ಎಂಜಿನ್ನು ಹೊಟ್ಟೆಯೊಳಗೆ, ನೀರು ತಳ್ಳುವ ರೆಕ್ಕೆ ತಳದ ಅಡಿಗೆ. ಹಿಂದೆ ರೆಕ್ಕೆ ತಿರುಗುವ ದೋಣಿ ಈ ಆಟಕ್ಕೆ ಆಗುವುದಿಲ್ಲ, ಬಿದ್ದವರ ಕಾಲು ಉಳಿಯುವುದಿಲ್ಲ ಎಂದು ಹುಡುಕಿ ಹುಡುಕಿ ಇದನ್ನೇ ತಂದಿದ್ದಳು. ಅದು ಲಾರಿ ಮೇಲೆ ಕೂತು ಹೊಸ ಸೇತುವೆ ದಾಟಿ ಬಂತು. ಕರಾವಳಿಯಲ್ಲಿ ಅಲೆಯಾಟ ಕಲಿಸುವ ಮೇಷ್ಟ್ರೊಬ್ಬರು ಅವಳಿಗೆ ಮಾತು ಕೊಟ್ಟಿದ್ದರು. ಸಂಕ್ರಾಂತಿಯ ಆಚೀಚೆ ಸಮುದ್ರ ಸಪ್ಪೆಯಾಗಿರುತ್ತದೆ. ಆ ತಿಂಗಳುಗಳಲ್ಲಿ ಅವರ ಮಕ್ಕಳಿಗೆ ಬೇರೆ ಜಾಗ ಬೇಕು. ಎರಡು ವಾರ ಬಿಟ್ಟು ಭಾನುವಾರ ತಾವೇ ಬಂದು ಹಲಗೆಯ ಮೇಲೆ ನಿಂತು ನೋಡುತ್ತಾರೆ. ಅಲೆ ಚೆನ್ನಾಗಿದ್ದರೆ ಮಕ್ಕಳನ್ನು ಇಲ್ಲಿಗೆ ಕಳಿಸುತ್ತಾರೆ. ಇಲ್ಲದಿದ್ದರೆ ದೋಣಿ ವಾಪಸು ಕರಾವಳಿಗೆ, ಪ್ರವಾಸಿಗರನ್ನು ಸುತ್ತಿಸುವ ಕೆಲಸಕ್ಕೆ. ದೋಣಿಯ ಜೊತೆ ಅವಳೂ. ಇದನ್ನು ಅವಳು ಒಂದೇ ಸಲ ಹೇಳಿದ್ದು, ತಟ್ಟೆ ತೊಳೆಯುತ್ತಾ.

ಅಲೆ ತಾನಾಗಿ ಏಳುವುದಿಲ್ಲ. ದೋಣಿಯ ಹಿಂಭಾಗ ನೀರಿನಲ್ಲಿ ಆಳಕ್ಕೆ ಕೂರಬೇಕು, ಅದೂ ಒಂದೇ ಮಗ್ಗುಲಿಗೆ. ಅಲೆ ಎಡಕ್ಕೆ ಬೇಕೆಂದರೆ ಎಡ ಹಿಂದಿನ ಮೂಲೆಗೆ ಭಾರ ಹೇರಬೇಕು. ಮೊಮ್ಮಗಳು ಎಡವನ್ನು ಗೊತ್ತು ಮಾಡಿದಳು. ದಪ್ಪ ಚೀಲಗಳಿಗೆ ಪಂಪಿನಿಂದ ಹಿನ್ನೀರನ್ನೇ ತುಂಬಿಸಿ ಎರಡನ್ನು ಆ ಮೂಲೆಯಲ್ಲಿಟ್ಟಳು, ಸಣ್ಣದೊಂದನ್ನು ಮೂತಿಯ ಹತ್ತಿರ. ಮೂತಿಗೆ ಭಾರವಿಲ್ಲದಿದ್ದರೆ ದೋಣಿ ಆಕಾಶ ನೋಡುತ್ತದೆ. ಅಲೆಗೆ ಎತ್ತರ ಬಂದರೂ ಉದ್ದ ಬರುವುದಿಲ್ಲ. ಇನ್ನು ವೇಗ. ನಿಧಾನವಾದರೆ ಬರೀ ನೊರೆ, ಜೋರಾದರೆ ಅಲೆ ಚಪ್ಪಟೆ. ಸೈಕಲ್ಲನ್ನು ಉಸಿರು ಕಟ್ಟಿ ತುಳಿದ ಹಾಗೆ ಹೋಗಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಚೀಲ ಸಾಲಲಿಲ್ಲವೆಂದು ಎಂಟು ದೊಡ್ಡ ನೀರಿನ ಕ್ಯಾನು ಬಂದವು. ಅದೂ ಸಾಲಲಿಲ್ಲವೆಂದು ನಾವಿಬ್ಬರು ಬಂದೆವು. ನನಗೆ ಭಾರವಾಗಿರುವುದರ ಜೊತೆಗೆ ಇನ್ನೊಂದು ಕೆಲಸವಿತ್ತು: ಹಿಂದಕ್ಕೆ ಮುಖ ಮಾಡಿ ಕೂತು ಫೋನಿನಲ್ಲಿ ಅಲೆಯ ವಿಡಿಯೋ ತೆಗೆಯುವುದು.

ನಮ್ಮನೆಯವರ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಲಾಂಚಿನಲ್ಲಿ ಅವರ ಕೆಲಸ ಜನರನ್ನೂ ಗಾಡಿಗಳನ್ನೂ ಹೊಂದಿಸಿ ನಿಲ್ಲಿಸುವುದಾಗಿತ್ತು. ಬಸ್ಸು ನಡುವೆ, ಜೀಪು ಆಚೆಗೊಂದು ಈಚೆಗೊಂದು, ಬೈಕುಗಳು ತುದಿಗೆ. ಜಾತ್ರೆಯ ದಿನ ಜನ ಒಂದೇ ಕಡೆ ನುಗ್ಗಿದರೆ ಗದರುತ್ತಿರಲಿಲ್ಲ, ಗದ್ದ ಆಡಿಸುತ್ತಿದ್ದರು. ಅಷ್ಟಕ್ಕೇ ಅರ್ಧ ಜನ ಇನ್ನೊಂದು ಕಡೆಗೆ ಸರಿಯುತ್ತಿದ್ದರು. ಈ ಚಾಳಿ ದಡಕ್ಕೂ ಬಂತು. ಸಂತೆಯಿಂದ ಬರುವಾಗ ಎರಡು ಕೈಗೂ ಸಮಭಾರದ ಚೀಲ ಬೇಕು. ಒಂದು ಕಡಿಮೆಯಾದರೆ ಬೇಡದಿದ್ದರೂ ಒಂದು ಸೌತೆಕಾಯಿ ಕೊಳ್ಳುತ್ತಾರೆ. ಸಾಗರದ ಬಸ್ಸಿನಲ್ಲಿ ಎಡಗಡೆ ಸೀಟೆಲ್ಲ ತುಂಬಿದ್ದರೆ ಎದ್ದು ಬಲಕ್ಕೆ ಹೋಗಿ ಕೂರುತ್ತಾರೆ. ಮದುವೆಯಾದ ಹೊಸದರಲ್ಲಿ ಇದು ನನ್ನ ಮೇಲಿನ ಕೋಪ ಅಂದುಕೊಂಡಿದ್ದೆ.

ನಾಲ್ಕು ದಿನ ನೀರಿನ ಮೇಲೆ ಹೋದೆವು. ನಾಲ್ಕು ದಿನವೂ ದೋಣಿಯ ಎರಡು ಬದಿಗೂ ಮೊಣಕಾಲೆತ್ತರದ ಎರಡು ಅಲೆ, ಅಕ್ಕತಂಗಿಯರ ಹಾಗೆ. ಎರಡರ ಮೇಲೂ ಒಂದು ತೆಂಗಿನಕಾಯಿ ನಿಲ್ಲುವ ಹಾಗಿರಲಿಲ್ಲ. ಮೊಮ್ಮಗಳು ಚೀಲ ಸೋರುತ್ತಿದೆಯೇ ಎಂದು ತಡವಿ ನೋಡಿದಳು. ವೇಗವನ್ನು ಚೂರು ಏರಿಸಿದಳು, ಚೂರು ಇಳಿಸಿದಳು. ಕರಾವಳಿಗೆ ಫೋನು ಮಾಡಿ ಯಾರನ್ನೋ ಕೇಳಿದಳು. ದೋಣಿ ವಾಲಿದೆಯಾ ಎಂದು ಅವರು ವಿಚಾರಿಸಿದರು, ವಾಲಿಸಿಯೇ ಹೊರಡುತ್ತಿದ್ದೇನೆ ಎಂದು ಇವಳು ಹೇಳಿದಳು. ಅದು ಸುಳ್ಳೂ ಅಲ್ಲ. ದಡದಿಂದ ಹೊರಡುವಾಗ ದೋಣಿ ಎಡಕ್ಕೆ ವಾಲಿರುತ್ತಿತ್ತು. ನಾಲ್ಕನೆಯ ದಿನ ಅವಳು ಊಟಕ್ಕೆ ಕೂತು, ಕರಾವಳಿಯಲ್ಲಿ ತನ್ನ ಹಳೆಯ ಕೆಲಸಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲವಂತೆ ಅಂದಳು. ನಾನು ಮಜ್ಜಿಗೆ ಬಡಿಸಿದೆ.

ಐದನೆಯ ದಿನ ಊಟ ಮುಗಿಸಿ ನನ್ನ ವಿಡಿಯೋಗಳನ್ನು ನೋಡಲು ಕೂತಳು. ಅದುವರೆಗೆ ಅವಳು ಅವನ್ನು ಪೂರ್ತಿ ನೋಡಿರಲಿಲ್ಲ, ಏಕೆಂದರೆ ಅರ್ಧ ಭಾಗದಲ್ಲಿ ನನ್ನ ಹೆಬ್ಬೆರಳೂ ಇನ್ನರ್ಧದಲ್ಲಿ ಸೀರೆಯ ಅಂಚೂ ಇರುತ್ತಿತ್ತು. ಆ ದಿನ ನೋಡಿದಳು. ಅಂಚಿನ ಪಕ್ಕದಲ್ಲಿ ಒಂದು ಪಾದ ಇತ್ತು. ಆ ಪಾದ ಒಂದು ಕ್ಯಾನನ್ನು ಎಡದಿಂದ ಬಲಕ್ಕೆ ಮೆಲ್ಲಗೆ ತಳ್ಳುತ್ತಿತ್ತು, ಬೆಕ್ಕನ್ನು ಸರಿಸುವ ಹಾಗೆ. ಆಮೇಲೆ ಇನ್ನೊಂದು ಕ್ಯಾನು. ಆಮೇಲೆ ಪಾದದ ಒಡೆಯರೇ ಎದ್ದು ಬಲಕ್ಕೆ ಹೋಗಿ ಕೂತರು. ಮುಖ ಸೇತುವೆಯ ಕಡೆಗೆ, ಏನೂ ಆಗದವರ ಹಾಗೆ. ಉಳಿದ ವಿಡಿಯೋಗಳಲ್ಲೂ ಹಾಗೆಯೇ.

ಅವಳು ಫೋನನ್ನು ಅಜ್ಜನ ಕೈಗೆ ಕೊಟ್ಟಳು. ಅವರು ಮೂರು ಸಲ ನೋಡಿದರು.

“ಬೇಕಂತ ಮಾಡಿದ್ದಾ ಅಜ್ಜ?”

“ಇಲ್ಲ ಮಗಾ. ಅದು ವಾಲ್ತು, ಕಾಲು ಹೋಯ್ತು. ನಂಗೆ ಗೊತ್ತೇ ಆಗ್ಲಿಲ್ಲ.”

ನಾನು ನಗಬಾರದಿತ್ತು. ನಕ್ಕೆ. ಇಬ್ಬರೂ ನಗಲಿಲ್ಲ. ನಾಳೆಯಿಂದ ಅಜ್ಜ ದಡದಲ್ಲೇ ಇರಲಿ ಎಂದು ಅವಳು ನನಗೆ ಹೇಳಿದಳು, ಅವರು ಅಲ್ಲೇ ಕೂತಿದ್ದರೂ. ಅವರು ಆಗಲಿ ಎಂದು ಫೋನನ್ನು ಒರೆಸಿ ವಾಪಸು ಕೊಟ್ಟರು. ಹೆಚ್ಚು ಮಾತಾಡುವವರಲ್ಲ. ಸೇತುವೆ ಆಗಿ ಲಾಂಚಿನ ಕೆಲಸ ನಿಂತ ಮೇಲೆ ಆ ಮಾತೂ ಕಡಿಮೆಯಾಗಿತ್ತು. ಈ ದೋಣಿ ಬಂದ ಮೇಲೆ ಬೆಳಗ್ಗೆ ಬೇಗ ಏಳುವುದು, ಟೋಪಿ ಹುಡುಕುವುದು ಇತ್ಯಾದಿ ಮತ್ತೆ ಶುರುವಾಗಿತ್ತು.

ಅವರಿಲ್ಲದೆ ಹೋದ ದಿನ ಅಲೆ ಎದ್ದಿತು. ಎಡಕ್ಕೆ, ಒಂದೇ ಅಲೆ, ಸೊಂಟದೆತ್ತರ, ಒಳಮೈ ಗಾಜಿನ ಹಾಗೆ ನುಣ್ಣಗೆ. ನಾನು ಕೂಗಿ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅದು ಕುಸಿದು ನೊರೆಯಾಯಿತು. ತಿರುಗಿಸಿಕೊಂಡು ಬಂದೆವು, ಅದೇ ಜಾಗದಲ್ಲಿ ಮತ್ತೆ ಕುಸಿಯಿತು. ಭಾರ ಇದ್ದಲ್ಲೇ ಇತ್ತು, ವೇಗವೂ ಸರಿ ಇತ್ತು. ಮೊಮ್ಮಗಳು ಎಂಜಿನ್ನು ನಿಲ್ಲಿಸಿದಳು. ಭಾನುವಾರಕ್ಕೆ ಮೂರು ದಿನ ಉಳಿದಿತ್ತು.

ದಡಕ್ಕೆ ಬಂದಾಗ ನಮ್ಮನೆಯವರು ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಯಾರೂ ಕೇಳದಿದ್ದರೂ ಹೇಳಿದರು: ನೀವು ಹೋಗುತ್ತಿರುವುದು ಮುಳುಗಿದ ಗುಡ್ಡದ ನೆತ್ತಿಯ ಮೇಲೆ. ಅಲ್ಲಿ ಈಗ ಆಳೆತ್ತರದ ನೀರೂ ಇಲ್ಲ, ನೀರು ಇಳಿಯುವ ಈ ತಿಂಗಳುಗಳಲ್ಲಿ ಲಾಂಚು ಆ ಕಡೆ ಹೋಗುತ್ತಲೇ ಇರಲಿಲ್ಲ. ತೆಳು ನೀರಿನಲ್ಲಿ ಅಲೆ ಹೇಗೆ ನಿಂತೀತು? ಹೊಳೆಯ ಹಳೆಯ ಪಾತ್ರ ಸೇತುವೆಯ ಕಂಬಗಳ ಕಡೆಯಿಂದ ಸುತ್ತಿಕೊಂಡು ಬರುತ್ತದೆ, ಅದರ ಮೇಲೆಯೇ ಹೋಗಬೇಕು. ಎಲ್ಲಿ ತಿರುಗಬೇಕು ಎಂದು ಅವಳು ಕೇಳಿದಳು. ಅವರು ಕೈ ಚಾಚಿ ತೋರಿಸಿದರು, ಮಣ್ಣಿನಲ್ಲಿ ಕಡ್ಡಿಯಿಂದ ಗೀರಿದರು, ಕೊನೆಗೆ ಕಡ್ಡಿ ಬಿಸಾಡಿದರು. ಅದು ಹೇಳಿದರೆ ಬರುವುದಲ್ಲ, ನೀರಿನ ಮೇಲೆ ಹೋದಾಗಷ್ಟೇ ತಮಗೆ ಹೊಳೆಯುವುದು ಅಂದರು.

ಅಲ್ಲಿಗೆ ಅವರು ದೋಣಿಯಲ್ಲಿ ಇರಲೇಬೇಕಾಯಿತು. ಅವರಿದ್ದರೆ ದೋಣಿ ವಾಲುವುದಿಲ್ಲ. ನಾನು ಕಾಲು ಕಟ್ಟಿ ಕೂರಿಸೋಣ ಅಂದೆ. ಮೊಮ್ಮಗಳು ಆ ಸಲಹೆಯನ್ನು ನಿಜವಾಗಿಯೂ ಸ್ವಲ್ಪ ಹೊತ್ತು ಯೋಚಿಸಿದಳು. ಅವಳ ಅಜ್ಜ ಬೇರೆಯೇ ಕೇಳಿದರು.

“ಎಷ್ಟು ವಾಲ್ಬೇಕು ಅದು?”

ಅವಳು ಅಂಗೈಯನ್ನು ಓರೆ ಮಾಡಿ ಇಷ್ಟು ಎಂದು ತೋರಿಸಿದಳು.

“ಅಂದಾಜು ಬೇಡ. ಅಳತೆ ಹೇಳು. ಅಳತೆ ಇದ್ರೆ ಕಾಲು ಕೇಳ್ತದೆ.”

ಅಳತೆ ಅವಳ ಹತ್ತಿರ ಇರಲಿಲ್ಲ. ಅದನ್ನು ಅವರೇ ಮಾಡಿಕೊಂಡರು. ಒಂದು ಪ್ಲಾಸ್ಟಿಕ್ ಬಾಟಲಿಗೆ ಅರ್ಧ ನೀರು ಹಾಕಿ, ಹಿಂದಿನ ಸೀಟಿನ ಎದುರು ಅಡ್ಡಡ್ಡ ಮಲಗಿಸಿ ಟೇಪು ಸುತ್ತಿದರು. ಮರುದಿನ ಹಳೆಯ ಪಾತ್ರದ ಮೇಲೆ ದೋಣಿ ಹೊರಟಿತು. ಅವರು ಎಡ ಮೂಲೆಯಲ್ಲಿ, ನಾನು ಅವರಿಗೆ ಒತ್ತಿಕೊಂಡು, ಅವರು ಎದ್ದರೆ ನನ್ನನ್ನು ದಾಟಿ ಹೋಗಬೇಕು ಅನ್ನುವ ಹಾಗೆ. ದೋಣಿ ವಾಲಿದಾಗ ನನ್ನ ಮಣಿಕಟ್ಟು ಹಿಡಿದುಕೊಂಡರು. ಸಾಯಂಕಾಲದವರೆಗೂ ಉಗುರಿನ ಗುರುತಿತ್ತು. ಮೊಮ್ಮಗಳು ಮುಂದಿನಿಂದ ಕ್ಯಾನು ಅಲ್ಲಿಗಿಡು, ಇಲ್ಲಿಗಿಡು ಎನ್ನುತ್ತಿದ್ದಳು, ನಾನು ಇಟ್ಟೆ. ಅಲೆ ಚಂದವಾಗಿ ಎದ್ದು ನಿಂತ ಹೊತ್ತಿಗೆ ಅವಳು ಈಗ ಅಂದಳು. ಅವರು ನನ್ನ ಕೈ ಬಿಟ್ಟು, ಬಾಟಲಿಯೊಳಗೆ ನೀರು ಓರೆಯಾಗಿ ನಿಂತಿದ್ದ ಗೆರೆಯುದ್ದಕ್ಕೂ ಕೆಂಪು ಟೇಪು ಅಂಟಿಸಿದರು.

ಆ ಕೆಂಪು ಗೆರೆ ಅಂದಿನಿಂದ ಅವರ ಪಾಲಿಗೆ ಸಮ ಅನ್ನಿಸಿಕೊಂಡಿತು. ಅವರು ನೀರನ್ನು ನೋಡಲಿಲ್ಲ, ದಡವನ್ನು ನೋಡಲಿಲ್ಲ, ಗೆರೆಯನ್ನಷ್ಟೇ ನೋಡಿದರು. ನೀರು ಗೆರೆಯಿಂದ ಕೂದಲೆಳೆ ತಪ್ಪಿದರೂ ಪಾದ ಒಂದು ಕ್ಯಾನನ್ನು ಹುಡುಕಿಕೊಂಡು ಹೋಗುತ್ತಿತ್ತು. ಎರಡನೆಯ ದಿನ ನಾನು ಸೆರಗು ಸರಿಮಾಡಲು ಎದ್ದದ್ದಕ್ಕೆ ಬೈಸಿಕೊಂಡೆ.

ಭಾನುವಾರ ಮೇಷ್ಟ್ರು ಬಂದರು. ನಾನು ಅಂದುಕೊಂಡದ್ದಕ್ಕಿಂತ ಸಣ್ಣ ವಯಸ್ಸು, ಬಿಸಿಲಿಗೆ ಕಂದಿದ ಮೈ. ಜೊತೆಗೆ ಇಬ್ಬರು ಶಿಷ್ಯೆಯರನ್ನು ಕರೆತಂದಿದ್ದರು. ಇಬ್ಬರೂ ದೋಣಿ ಹತ್ತಿ, ಸೇತುವೆಯ ಫೋಟೋ ಚೆನ್ನಾಗಿ ಬರುತ್ತದೆಂದು ಬಲಗಡೆ ಹೋಗಿ ನಿಂತರು. ಮೇಷ್ಟ್ರು ನೀರಿಗಿಳಿದು ಹಗ್ಗ ಹಿಡಿದರು. ದೋಣಿ ಹೊರಟಿತು, ಅವರು ಎದ್ದರು, ಹಗ್ಗ ಸಡಿಲಿಸಿದರು, ಬಿದ್ದರು. ಮತ್ತೆ ಎದ್ದರು, ಬಿದ್ದರು. ದೋಣಿಯ ಎರಡು ಬದಿಗೂ ಅದೇ ಅಕ್ಕತಂಗಿ ಅಲೆಗಳು. ಮೊಮ್ಮಗಳ ಕುತ್ತಿಗೆ ಹಿಂದಿನಿಂದ ಕೆಂಪಗೆ ಕಾಣುತ್ತಿತ್ತು. ಬಂದವರಿಗೆ ಎಡಕ್ಕೆ ಬಂದು ಕೂರಿ ಎಂದು ಹೇಳಲು ಅವಳಿಗೆ ಸಂಕೋಚ; ಮೂರನೆಯ ಸಲವೂ ಬಿದ್ದರೆ ಮೇಷ್ಟ್ರು ಇನ್ನು ಸಾಕೆಂದು ದೋಣಿ ಹತ್ತಿ ಕೂರುತ್ತಾರೆ ಅನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮನೆಯವರು ಬಾಟಲಿ ನೋಡಿದರು. ಆಮೇಲೆ ಶಿಷ್ಯೆಯರ ಕಡೆ ತಿರುಗಿ ಗದ್ದ ಆಡಿಸಿದರು. ಅವರಿಗೆ ಅರ್ಥವಾಗಲಿಲ್ಲ, ಲಾಂಚು ಹತ್ತಿದವರಲ್ಲ.

“ನೀವಿಬ್ರೂ ಈಚೆ ಬನ್ನಿ. ನಿಲ್ಬೇಡಿ, ಕೂತ್ಕೊಳ್ಳಿ. ಬ್ಯಾಗು ಮಡಿಲಲ್ಲಿ ಇರ್ಲಿ. ಫೋಟೋ ಆಮೇಲೆ.”

ಜೋರಾಗಿ ಹೇಳಲಿಲ್ಲ. ಇಬ್ಬರೂ ಬಂದು ನಮ್ಮ ಮುಂದೆ ಎಡಗಡೆಯ ಸೀಟಿನಲ್ಲಿ ಮಂಡಿ ಜೋಡಿಸಿ ಕೂತರು. ಅವರ ಭಾರಕ್ಕೆ ಬಾಟಲಿಯ ನೀರು ಗೆರೆ ದಾಟಿತು. ಪಾದ ಒಂದು ಕ್ಯಾನನ್ನು ನಡುವಿಗೆ ತಂದಿತು. ನೀರು ಗೆರೆಗೆ ಬಂತು. ಹೋಗಲಿ ಎಂದು ಅವರು ಮುಂದಕ್ಕೆ ಕೈ ತೋರಿಸಿದರು.

ಅಲೆ ಎದ್ದಿತು. ಮೇಷ್ಟ್ರು ಎದ್ದರು. ಅವರು ಎಸೆದ ಹಗ್ಗ ಬಂದು ನನ್ನ ಮಡಿಲಿಗೆ ಒದ್ದೆಯಾಗಿ ಬಿತ್ತು. ಕೈ ಎರಡೂ ಇಳಿಬಿಟ್ಟು, ಅಂಗಳದಲ್ಲಿ ನಿಂತವರ ಹಾಗೆ ಅವರು ನಮ್ಮ ಹಿಂದೆ ಹಿಂದೆ ಬಂದರು. ಸೇತುವೆಯ ಕಂಬಗಳ ಹತ್ತಿರದಿಂದ ಹಿಡಿದು ಹೊಳೆ ತಿರುಗುವಲ್ಲಿಯವರೆಗೂ ಬಂದರು. ಮೊಮ್ಮಗಳು ಎದುರಿನ ಕನ್ನಡಿಯಲ್ಲಿ ಒಮ್ಮೆ ನೋಡಿದಳು, ಮತ್ತೆ ನೋಡಲಿಲ್ಲ. ನಾನು ವಿಡಿಯೋ ತೆಗೆಯಲು ಮರೆತಿದ್ದೆ.

ದಡದಲ್ಲಿ ಮೇಷ್ಟ್ರು ಎರಡು ಲೋಟ ಮಜ್ಜಿಗೆ ಕುಡಿದರು. ಮುಂದಿನ ತಿಂಗಳ ಮೊದಲ ವಾರ ಎಂಟು ಮಕ್ಕಳು ಬರುತ್ತಾರೆ, ದೋಣಿ ಇಲ್ಲೇ ಇರಲಿ ಅಂದರು. ಆ ಮೂಲೆಯಲ್ಲಿ ಕೂತಿದ್ದವರು ಆಗಲೂ ಇರುತ್ತಾರಲ್ಲ ಎಂದು ಕೇಳಿದರು. ಮೊಮ್ಮಗಳು ಇರುತ್ತಾರೆ ಎಂದು ಹೇಳಿ ಚೀಲಗಳ ನೀರು ಖಾಲಿ ಮಾಡಲು ದೋಣಿಗೆ ಹೋದಳು. ಆ ಕೆಲಸಕ್ಕೆ ಅಂಥ ಅವಸರವೇನೂ ಇರಲಿಲ್ಲ. ಅವಳು ಬಹಳ ಹೊತ್ತು ಬೆನ್ನು ತಿರುಗಿಸಿಕೊಂಡೇ ಇದ್ದಳು.

ಮೇಷ್ಟ್ರ ಎದುರಿಗೇ ನಾನು ನಮ್ಮನೆಯವರನ್ನು ಕೆಣಕಿದೆ. ಮೂವತ್ತು ವರ್ಷ, ವಾಲಿದರೆ ಮುಳುಗುತ್ತದೆ, ವಾಲಿದರೆ ಮುಳುಗುತ್ತದೆ ಅಂತ ಊರನ್ನೆಲ್ಲ ಹೆದರಿಸಿದಿರಿ. ಇವತ್ತು ಅಷ್ಟು ಹೊತ್ತು ವಾಲಿಕೊಂಡೇ ಹೋಯಿತಲ್ಲ, ಮುಳುಗಿತಾ ಎಂದು ಕೇಳಿದೆ.

ಅವರು ಟೋಪಿ ತೆಗೆದು ನೀರು ಕೊಡವಿದರು.

“ಮುಳುಗ್ಲಿಲ್ಲ ಅಂದ್ರೆ ವಾಲೋದು ಸರಿ ಅಂತಲ್ಲ ಮಾರಾಯ್ತಿ. ಒಳಗೆ ನಾನಿದ್ದೆ, ಅಷ್ಟೆ.”