ಹಾಡುವವರು ಬಾರದ ಕಚೇರಿ

ಆ ರೆಕಾರ್ಡಿನ ಹೊದಿಕೆಯ ಮೇಲೆ ಕಪ್ಪು ಕೋಟಿನ ನಾಲ್ವರು ಕೂತಿದ್ದರು. ಮೂವರ ಮುಖದಲ್ಲಿ ಈಗಷ್ಟೇ ಹಲ್ಲು ಕೀಳಿಸಿಕೊಂಡು ಬಂದ ಕಳೆ. ನಾಲ್ಕನೆಯವನಿಗೆ ಮುಂದಿನ ಸರದಿ ತನ್ನದೆಂದು ಗೊತ್ತಾಗಿತ್ತು. ಇಬ್ಬರ ಕೈಯಲ್ಲಿ ಪಿಟೀಲು, ಒಬ್ಬನ ಕೈಯಲ್ಲಿ ಪಿಟೀಲಿನ ಅಣ್ಣನಂಥ ವಯೋಲಾ, ಕೊನೆಯವನ ಮೊಣಕಾಲುಗಳ ನಡುವೆ ಪಿಟೀಲಿನ ತಾತನಂಥ ಚೆಲ್ಲೋ. ನಾನು ನಾಲ್ಕೂ ಮುಖಗಳನ್ನು ಒಂದಾದ ಮೇಲೊಂದು ಮಾಡಿ ತೋರಿಸಿದೆ. ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. ಅಪ್ಪ ಆಗ ಯಾವುದಕ್ಕೂ ನಗುತ್ತಿರಲಿಲ್ಲ.

ರೆಕಾರ್ಡು ನಮ್ಮ ಔಟ್‌ಹೌಸಿನಲ್ಲಿದ್ದ ಇಂಜಿನಿಯರದು. ಹೊಸೂರು ರಸ್ತೆ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ, ಬ್ರಹ್ಮಚಾರಿ. ತರಬೇತಿಗೆಂದು ಜರ್ಮನಿಗೆ ಹೋಗಿ, ಬರುವಾಗ ಒಂದು ರೆಕಾರ್ಡ್ ಪ್ಲೇಯರು, ಈ ಒಂದೇ ರೆಕಾರ್ಡು ಮತ್ತು ತಣ್ಣೀರು ಸ್ನಾನದ ಭಯ ತಂದಿದ್ದರು. ಹೋದ ಶತಮಾನದ ಯೂರೋಪಿನವರು ನಾಲ್ಕು ತಂತಿವಾದ್ಯಗಳಿಗೆಂದೇ ಬರೆದಿಟ್ಟ ಸಂಗೀತವಂತೆ. ಅರವತ್ತರ ದಶಕದ ಜಯನಗರ. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸಂಜೆ ಅವರು ಪ್ಲೇಯರ್ ಹಾಕಿದರೆ ತಿಲಕ್ ನಗರದ ಕಡೆಗೆ ಹೊರಟ ಎಮ್ಮೆಗಳೂ ಒಂದು ಗಳಿಗೆ ನಿಲ್ಲುತ್ತಿದ್ದವು. ಸಂಗೀತಕ್ಕಲ್ಲ, ಹುಲ್ಲಿಗೆ. ನಾನೂ ನಿಲ್ಲುತ್ತಿದ್ದೆ. ನಾನು ಆಗ ಪಿ.ಯು.ಸಿ.; ಓದದೆ ಇರಲು ಯಾವ ನೆಪವಾದರೂ ಸಾಕಿತ್ತು.

ಅಪ್ಪ ಹಗಲು ಗುಮಾಸ್ತರು, ಸಂಜೆ ಪಕ್ಕದ ಮನೆಯ ಮಾಮನಿಗೆ ಪಕ್ಕವಾದ್ಯದ ಪಿಟೀಲು. ಮಾಮ ಹಾಡುಗಾರರು. ರಾಮೋತ್ಸವದ ಚಪ್ಪರವಾಗಲಿ, ಮದುವೆ ಮನೆಯಾಗಲಿ, ನಮ್ಮದೇ ನಡುಮನೆಯಾಗಲಿ, ಮಾಮ ಮುಂದೆ, ಅಪ್ಪ ಅವರ ಬೆನ್ನಿಗೆ. ಹಾಡುವವರು ಒಂದು ಸಾಲು ಎತ್ತಿಕೊಂಡರೆ ಪಿಟೀಲಿನವರು ಅದನ್ನೇ ಹಿಡಿದು ಹಿಂದೆ ಹಿಂದೆ ಹೋಗಬೇಕು, ಅದೇ ಪದ್ಧತಿ. ಮಾಮ ಪಂಕ್ತಿಯಲ್ಲಿ ಅನ್ನ ಬಡಿಸುತ್ತ ಹೋದರೆ ಅಪ್ಪ ಹಿಂದೆಯೇ ಸಾರು ಬಡಿಸುತ್ತ ಬರುತ್ತಾರೆ ಎಂದು ನಾನು ನಡೆದು ತೋರಿಸುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಮಾಮ.

ಆಮೇಲೆ ಮಾಮನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಉಳಿದದ್ದು ಬರೀ ಪಿಸುಮಾತು. ಪಿಸುಮಾತು ಅಂಟುಜಾಡ್ಯ: ಅವರ ಎದುರಿಗೆ ನಿಂತವರೂ ಪಿಸುಗುಟ್ಟುತ್ತಿದ್ದರು. ಬೀದಿಯ ಕೊನೆಯವರೆಗೂ ಕೇಳುವಂತೆ ಕೂಗುವ ತರಕಾರಿಯವಳು ಕೂಡ ಮಾಮನ ಗೇಟಿಗೆ ಬಂದಾಗ "ಬದ್ನೇಕಾಯಿ ಐತೆ ಸಾಮಿ" ಎಂದು ಕಳ್ಳಮಾಲು ಮಾರುವವಳಂತೆ ಗುಟ್ಟಾಗಿ ಹೇಳುತ್ತಿದ್ದಳು. ಅವಳನ್ನು ಅಣಕಿಸುತ್ತಿದ್ದೆ. ಮಾಮನನ್ನು ಅಣಕಿಸುವುದು ಬಿಟ್ಟಿದ್ದೆ.

ಅಪ್ಪನ ಪಿಟೀಲು ಪೆಟ್ಟಿಗೆ ಸೇರಿತು, ಪೆಟ್ಟಿಗೆ ಬೀರುವಿನ ಮೇಲೆ ಹೋಯಿತು.

"ಒಂದಿನ ಆದ್ರೂ ನುಡಿಸ್ಬಾರ್ದಾ?" ಎಂದಳು ಅಮ್ಮ.

"ಮುಂದೆ ಹಾಡೋರೇ ಇಲ್ಲ. ಯಾರ ಹಿಂದೆ ಹೋಗ್ಲಿ?" ಎಂದರು ಅಪ್ಪ. ಆಫೀಸಿನಿಂದ ಬಂದವರು ವರಾಂಡದಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಆ ರಸ್ತೆಯಲ್ಲಿ ನೋಡುವಂಥದ್ದು ಎಕ್ಕದ ಗಿಡ ಬಿಟ್ಟರೆ ಏನೂ ಇರಲಿಲ್ಲ.

"ಹೀಗೇ ಬಿಟ್ರೆ ಇವ್ರು ಮತ್ತೆ ಪಿಟೀಲು ಮುಟ್ಟಲ್ಲ ಕಣೋ," ಎಂದು ಅಮ್ಮ ಅಡುಗೆಮನೆಯಲ್ಲಿ ನನ್ನ ಹತ್ತಿರ ಹೇಳಿದಳು. ಆ ಧ್ವನಿಯನ್ನು ಅಣಕಿಸಲು ನನಗೆ ಮನಸ್ಸು ಬರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅಮ್ಮನೇ ಹೂಡಿದ ಹೂಟ: ಇಂಜಿನಿಯರು ಪ್ಲೇಯರನ್ನು ನಮ್ಮ ನಡುಮನೆಗೆ ತರುವುದು, ಮಾಮ ಮತ್ತು ಅವರ ಹೆಂಡತಿಯನ್ನು ಕಾಫಿಗೆ ಕರೆಯುವುದು. ಮಾಮನ ಹೆಂಡತಿಯನ್ನು ನಾವು ಅತ್ತೆ ಎನ್ನುತ್ತಿದ್ದೆವು. ಅತ್ತೆ ಸಂಗೀತ ಕಚೇರಿಗೆ ಹೋಗುವ ಸೀರೆಯಲ್ಲಿಯೇ ಬಂದು ಚಾಪೆಯ ಮೇಲೆ ಕೂತರು. ಮಾಮ ಬಾಗಿಲ ಹತ್ತಿರದ ಕುರ್ಚಿ ಹಿಡಿದರು, ಯಾವಾಗ ಬೇಕಾದರೂ ಎದ್ದುಹೋಗುವಂತೆ.

ಮುಳ್ಳು ಇಳಿಯಿತು. ನಾಲ್ಕು ಕಮಾನುಗಳು ಒಟ್ಟಿಗೆ ತಂತಿಗೆ ಬಿದ್ದವು. ಅಪ್ಪನ ಕೈ ತೊಡೆಯ ಮೇಲೆ ತಾಳ ಹುಡುಕಿತು, ಸಿಕ್ಕಿತು, ತಪ್ಪಿಸಿಕೊಂಡಿತು.

"ಶಂಕರಾಭರಣ," ಎಂದರು ಅಪ್ಪ. ಸ್ವಲ್ಪ ಹೊತ್ತಿಗೆ, "ಅಯ್ಯೋ, ಆ ರಾಗದ ಮನೆ ಖಾಲಿ ಮಾಡ್ಕೊಂಡು ಹೋದ್ನಲ್ಲ!"

ಎಲ್ಲರೂ ಕಾಯುತ್ತಿದ್ದೆವು. ಇಂಜಿನಿಯರಿಗೆ ನಾವು ತನ್ಮಯರಾಗಿರುವಂತೆ ಕಂಡಿರಬೇಕು. ಮೊದಲ ಭಾಗ ಮುಗಿದು ಚಕ್ರದ ಗರಗರ ಮಾತ್ರ ಕೇಳಿದಾಗ ಅತ್ತೆ ತಡೆಯಲಾರದೆ ಕೇಳಿದರು:

"ಪಕ್ಕವಾದ್ಯದೋರು ಚೆನ್ನಾಗಿ ನುಡಿಸ್ತಾರಪ್ಪ. ಹಾಡೋರು ಯಾವಾಗ ಬರ್ತಾರೆ?"

"ಬಸ್ ತಪ್ಪಿರ್ಬೇಕು ಅತ್ತೆ," ಎಂದೆ ನಾನು.

ಇಂಜಿನಿಯರು ನಕ್ಕರು. "ಹಾಡೋರು ಇಲ್ಲಮ್ಮ ಇದ್ರಲ್ಲಿ. ಬರೋದೂ ಇಲ್ಲ. ಇಷ್ಟೇ, ನಾಲ್ಕು ಜನ."

ಯಾರೂ ಮಾಮನ ಕಡೆ ನೋಡಲಿಲ್ಲ. ನೋಡದೆ ಇರಲು ಎಲ್ಲರೂ ಪಟ್ಟ ಕಷ್ಟ ನೋಡುವುದಕ್ಕಿಂತ ಹೆಚ್ಚು ಎದ್ದು ಕಾಣುತ್ತಿತ್ತು.

ಎರಡನೇ ಭಾಗ ನಿಧಾನದ್ದು. ಚೆಲ್ಲೋ ಕೆಳಗೆ ಒಂದೇ ಸ್ವರ ಹಿಡಿದು ನಿಂತಿತು, ಒಂದು ಪಿಟೀಲು ಅದರ ಮೇಲೆ ಮೆಲ್ಲಗೆ ನಡೆದುಹೋಯಿತು. ಮಾಮ ಎದ್ದರು. ಹೊರಟರು ಎಂದುಕೊಂಡೆವು. ಅವರು ಕುರ್ಚಿಯನ್ನು ಪ್ಲೇಯರಿನ ಹತ್ತಿರಕ್ಕೆ ಎಳೆದುಕೊಂಡು, ಅಪ್ಪನ ಮೊಣಕಾಲು ತಟ್ಟಿದರು.

"ಆ ಎರಡ್ನೇ ಪಿಟೀಲು. ಯಾರ ಹಿಂದೆ ಹೋಗ್ತಿದಾನೆ ಹೇಳು," ಎಂದು ಪಿಸುಗುಟ್ಟಿದರು.

"ಮೊದಲ್ನೇವ್ನ ಹಿಂದೆ," ಎಂದು ಅಪ್ಪನೂ ಪಿಸುಗುಟ್ಟಿದರು.

"ಈಗ?"

ಅಪ್ಪ ಕಿವಿ ಕೊಟ್ಟರು. "ಈಗ ಅವ್ನೇ ಇವ್ನ ಹಿಂದೆ ಬರ್ತಿದಾನೆ."

"ಆ ಚೆಲ್ಲೋ ತಾತ?"

"ತಾತ ಯಾರ ಹಿಂದೇನೂ ಇಲ್ಲ ಕಣಯ್ಯ. ಅವ್ನ ಪಾಡಿಗೆ ಅವ್ನಿದಾನೆ."

"ಮತ್ತೆ ನಿಂಗೇನು ರೋಗ?"

ಆ ಮಾತು ಪಿಸುಮಾತಾಗಿದ್ದರೂ ಮಾಮ ಚಪ್ಪರದಲ್ಲಿ ಮೃದಂಗದವರನ್ನು ಗದರುತ್ತಿದ್ದ ಮಾತಿನ ಹಾಗೆಯೇ ಇತ್ತು. ಇಂಜಿನಿಯರು ಮುಳ್ಳು ಎತ್ತಿದರು. ಅಮ್ಮ ನನ್ನ ಕಡೆ ನೋಡಿದಳು. ನಾನು ಸ್ಟೂಲು ಹಾಕಿ, ಬೀರುವಿನ ಮೇಲಿನ ಪೆಟ್ಟಿಗೆ ಇಳಿಸಿ, ಧೂಳಿಗೆ ನಾಟಕದ ರಾಜನಂತೆ ಸೀನಿದೆ. ಯಾರೂ ನಗಲಿಲ್ಲ, ಅದು ನಿಜವಾದ ಸೀನು ಎಂದು ತಿಳಿದರು.

ಅಪ್ಪ ಚಾಪೆಯ ಮೇಲೆ ಕೂತು ಶ್ರುತಿ ಮಾಡಿಕೊಂಡರು. ಮಾಮ ಎದುರಿಗೆ ಕೂತು, ತೊಡೆಯ ಮೇಲೆ ತಾಳ ಹಾಕುತ್ತ, ಧ್ವನಿಯಿಲ್ಲದೆ ಒಂದು ಕೀರ್ತನೆಗೆ ತುಟಿ ಆಡಿಸತೊಡಗಿದರು. ಅಪ್ಪ ಆ ತುಟಿಯನ್ನೇ ನೋಡುತ್ತ ನುಡಿಸಿದರು. ಕಮಾನು ಮೊದಲು ತಡವರಿಸಿತು, ಆಮೇಲೆ ಹಾದಿ ಹಿಡಿಯಿತು. ಮಾಮ ಉಸಿರು ತೆಗೆದುಕೊಂಡ ಕಡೆ ಅಪ್ಪ ನಿಂತರು. ಮಾಮ ಎಳೆದ ಕಡೆ ಎಳೆದರು. ಎಂದಿನಂತೆ ಕೂದಲೆಳೆಯಷ್ಟು ಹಿಂದೆ. ಇಲ್ಲದ ಹಾಡಿಗೂ ಪಕ್ಕವಾದ್ಯ ನುಡಿಸಬಹುದೆಂದು ಅಂದೇ ನನಗೆ ಗೊತ್ತಾದದ್ದು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

ಅನುಪಲ್ಲವಿ ಮುಗಿಯಿತು. ಚರಣ ಎತ್ತಿಕೊಳ್ಳಬೇಕು. ಅಪ್ಪ ಕಮಾನು ತಂತಿಯ ಮೇಲಿಟ್ಟು ಮಾಮನ ತುಟಿಗಾಗಿ ಕಾದರು.

ಮಾಮ ಬಾಯಿ ಮುಚ್ಚಿದರು. ಮುಖ ತಿರುಗಿಸಿ ಕಿಟಕಿಯಾಚೆಯ ಖಾಲಿ ಸೈಟು ನೋಡತೊಡಗಿದರು. ಕೈ ಮಾತ್ರ ತಾಳ ಬಿಡಲಿಲ್ಲ. ತಾಳದ ಒಂದು ಆವರ್ತ ಬರಿದೇ ಹೋಯಿತು.

"ಏನಯ್ಯ ಇದು," ಎಂದರು ಅಪ್ಪ, ಅಳುವ ಮಗುವಿನ ದನಿಯಲ್ಲಿ. "ಎತ್ಕೋ."

ಮಾಮ ತಿರುಗಲಿಲ್ಲ. ಇನ್ನೊಂದು ಆವರ್ತವೂ ಹೋಯಿತು. ಅಮ್ಮ ಕಾಫಿ ಲೋಟಗಳ ತಟ್ಟೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿಯೇ ನಿಂತಿದ್ದಳು, ಲೋಟಗಳು ಸದ್ದು ಮಾಡದಂತೆ ಎದೆಗೆ ಒತ್ತಿಕೊಂಡು.

ಅಪ್ಪ ಕಣ್ಣು ಮುಚ್ಚಿದರು. ಚರಣವನ್ನು ತಾವೇ ಎತ್ತಿಕೊಂಡರು. ಮೊದಲ ಸಾಲು ನಡುಗಿತು, ಎರಡನೆಯ ಸಲ ನುಡಿಸಿದಾಗ ನಿಂತಿತು, ಮೂರನೆಯ ಸಲ ಅದಕ್ಕೊಂದು ತಿರುವು ಸೇರಿತು. ಮಾಮ ಎಂದೂ ಹಾಡಿರದ ತಿರುವು. ಕಿಟಕಿಯ ಕಡೆ ನೋಡುತ್ತಿದ್ದ ಮಾಮನ ತಲೆ ಒಮ್ಮೆ ಪಕ್ಕಕ್ಕೆ ಆಡಿತು. ತೊಡೆಯ ಮೇಲಿನ ಅವರ ಕೈ ಈಗ ಕಮಾನನ್ನು ಕೇಳಿಕೊಂಡು, ಅದರ ಹಿಂದೆ ಬೀಳುತ್ತಿತ್ತು.